ಎಡಗೈ ಮಾಸ್ತರ

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಕಡಲೆ ಕುದಿಯುವ ವಾಸನೆ ಬಂತು. ತೊಟ್ಟಿಲಿನ ಗುಗ್ಗರಿಗೆಂದು ಇಟ್ಟದ್ದು. ಎಲ್ಲರಿಗೂ ಅದು ಹಬ್ಬದ ವಾಸನೆ. ನನಗೆ ಮಾತ್ರ ಮೂಗಿಗೆ ಬಿದ್ದ ಕೂಡಲೇ ಅಂಗೈ ಬೆವರುತ್ತದೆ. ಮೊಮ್ಮಗಳ ಹೆಸರಿಡುವ ದಿನ. ಬೀಗರು ಮುದನಾಳದಿಂದ ಬಂದು ನಮ್ಮ ಶಹಾಪುರದ ಮನೆಯ ಪಡಸಾಲೆ ತುಂಬಿ ಕೂತಿದ್ದರು. ಅವರ ನಡುವೆ ನನ್ನ ಅಕ್ಕನೂ ಇದ್ದಳು. ಎಪ್ಪತ್ತು ದಾಟಿದ ಬಾಯಿ, ಯಾವಾಗ ಏನು ಆಡೀತೋ ಹೇಳಲಾಗದು. ಹೊತ್ತು ಏರುವುದರೊಳಗೆ ಅವಳಿಗೆ ನಾನೇ ನಾಲ್ಕು ಸಲ ಚಹಾ ಕೊಟ್ಟೆ. ಆ ಬಾಯಿ ಚಹಾದ ಬಸಿಯಲ್ಲಿ ಇರುವಷ್ಟು ಹೊತ್ತು ನಾನು ಉಸಿರಾಡಬಹುದಿತ್ತು.

ನನ್ನ ಅಂಜಿಕೆ ನಿಮಗೆ ತಿಳಿಯಬೇಕಾದರೆ ಕಾಲುವೆ ತೋಡುತ್ತಿದ್ದ ದಿನಗಳಿಗೆ ಬರಬೇಕು. ಮದುವೆಯಾದ ವರ್ಷವೇ ಮಾಸ್ತರಿಕೆಯ ತರಬೇತಿಗೆಂದು ನಾನು ಗುಲಬರ್ಗಾಕ್ಕೆ ಹೋದೆ. ಹೆಂಡತಿ ಕೆಂಭಾವಿಯ ತವರಿನಲ್ಲಿ ಉಳಿದಳು. ಆ ಮನೆಯ ಮುಂದಿನ ಖೋಲಿಯಲ್ಲಿ ಕಾಲುವೆಯ ಸರ್ವೇಯರ್ ಒಬ್ಬ ಬಾಡಿಗೆಗಿದ್ದ. ದಸರೆ ಸೂಟಿಗೆ ಬಂದಾಗ ಅವನನ್ನು ಒಮ್ಮೆ ನೋಡಿದೆ. ಕಟ್ಟೆಯ ಮೇಲೆ ಕೂತು ಎಡಗೈಯಿಂದ ವಹಿಯಲ್ಲಿ ಏನೋ ಬರೆಯುತ್ತಿದ್ದ. "ನಮಸ್ಕಾರ್ರಿ ಮಾಸ್ತರ" ಎಂದು ಎದ್ದು ನಿಂತ. ಒಳ್ಳೆಯವನಂತೆಯೇ ಕಂಡ. ಸಂಕ್ರಮಣದ ಹೊತ್ತಿಗೆ ಅವನಿಗೆ ದೂರದೂರಿಗೆ ವರ್ಗವಾಯಿತು. ಮುಂಗಾರು ಶುರುವಾಗುವ ಮೊದಲೇ ಮಗಳು ಹುಟ್ಟಿದಳು. ದಸರೆಯಿಂದ ಎಣಿಸಿದರೆ ಒಂದು ತಿಂಗಳು ಕಡಿಮೆ ಬೀಳುತ್ತಿತ್ತು. ಎಂಟು ತಿಂಗಳಿಗೆ ಹುಟ್ಟುವ ಕೂಸುಗಳೂ ಇರುತ್ತವೆ. ಗಣಿತ ಕಲಿಸುವ ನಾನು ಆ ಎಣಿಕೆಯನ್ನು ಅಲ್ಲಿಗೇ ಬಿಟ್ಟೆ.

ಅಕ್ಕ ಬಿಡಲಿಲ್ಲ. ನಮ್ಮಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಧಬಧಬ ಗುದ್ದಬೇಕು. ಅಲ್ಲಿಗೆ ಕೂಸು ಆ ಮನೆತನದ್ದಾಯಿತು.

"ತಿಂಗಳ ಎಣಸಾಕ ನನಗೂ ಬರ್ತದ. ನಾ ಬರಂಗಿಲ್ಲ" ಎಂದು ಅಕ್ಕ ತನ್ನ ಗಂಡನ ಊರು ದೋರನಹಳ್ಳಿಯಲ್ಲೇ ಉಳಿದಳು.

ಕೆಂಭಾವಿಯಲ್ಲಿ ತೊಟ್ಟಿಲು ಕಾಯುತ್ತಿತ್ತು, ಗುಗ್ಗರಿ ಆರುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹೆಂಡತಿ ತಲೆ ಎತ್ತಲಿಲ್ಲ. ನಾನೇ ಹೋಗಿ ಬಗ್ಗಿದೆ. ಧೈರ್ಯವೆಂದು ತಿಳಿಯಬೇಡಿ. ಇಡಬೇಕೆಂದಿದ್ದ ಹೆಸರು ಸುಜಾತಾ. ಆದರೆ ಅಂಜಿದವನ ಬಾಯಿಗೆ ಅವ್ವನಲ್ಲದೆ ಇನ್ನಾರು ಬಂದಾರು? "ಕುರ್ರ್, ಶರಣಮ್ಮ" ಅಂದುಬಿಟ್ಟೆ. ಅದು ತೀರಿಹೋದ ನನ್ನ ತಾಯಿಯ ಹೆಸರು. ಗಂಡಸಿನ ಬೆನ್ನಿಗೆ ಗುದ್ದಲು ಯಾರೂ ಮುಂದೆ ಬರಲಿಲ್ಲ. ಬಗ್ಗಿದವನು ಹಾಗೆಯೇ ಎದ್ದು ನಿಂತೆ.

ಕಿವಿಗೆ ಬಿದ್ದ ಹಿರಿಯರ ಹೆಸರನ್ನು ಹಿಂದಕ್ಕೆ ಪಡೆಯುವಂತಿಲ್ಲ. ಹಿರಿಯರೇ ಮರಳಿ ಬಂದಂತೆ. ಆ ಕೂಸನ್ನು ಬೈದರೆ ಅವರನ್ನೇ ಬೈದಂತೆ. ಸುದ್ದಿ ಮುಟ್ಟಿ ಮೂರನೆಯ ದಿನ ಅಕ್ಕ ಬಂದಳು. ಕೂಸನ್ನು ಎತ್ತಿಕೊಂಡು ಬಹಳ ಹೊತ್ತು ಅತ್ತಳು. "ಅವ್ವನ ಹೆಸರಿಟ್ಟು ನನ್ನ ಬಾಯಿ ಕಟ್ಟಿದೆಲ್ಲೋ" ಅಂದಳು. ಅತ್ತೆಯ ಹೆಸರು ಹೇಳಬಾರದೆಂದು ಹೆಂಡತಿ ಮಗಳನ್ನು ಸುಜಾತಾ ಎಂದೇ ಕರೆದಳು. ನನಗೆ ಅವಳು 'ಅವ್ವ' ಆದಳು.

ಅಕ್ಕನ ಬಾಯಿ ಕಟ್ಟಿತು, ನನ್ನ ಅಂಜಿಕೆ ಕಟ್ಟಲಿಲ್ಲ. ರಸ್ತೆಯಲ್ಲಿ ಕಾಲುವೆ ಇಲಾಖೆಯ ಜೀಪಿನ ಸದ್ದಾದರೆ ಅವನೇ ಬಂದನೇನೋ, ಮಗಳನ್ನು ಕೇಳುತ್ತಾನೇನೋ ಎಂದು ಬಾಗಿಲು ಹಾಕುತ್ತಿದ್ದೆ. ಅವಳನ್ನು ಒಳಗೆ ಕರೆದು ಮಗ್ಗಿ ಹೇಳಿಸುತ್ತಿದ್ದೆ. ಪಾಪ, ಹದಿಮೂರರ ಮಗ್ಗಿ ಅವಳಿಗೆ ಅಷ್ಟು ಬೇಗ ಬಾಯಿಪಾಠವಾದದ್ದು ಹಾಗೆ. ಒಮ್ಮೆ ಹೆಂಡತಿ ಹತ್ತಿರ ಬಂದು, "ನಿಮಗೊಂದು ಮಾತು ಹೇಳಬೇಕಿತ್ರಿ" ಅಂದಳು. "ಮೊದಲ ಬುತ್ತಿ ಕಟ್ಟು, ಸಾಲಿಗಿ ಹೊತ್ತಾತು" ಎಂದು ಚೀಲ ಹಿಡಿದು ಹೊರಟೆ. ಅವತ್ತು ಭಾನುವಾರ. ಬೀಗ ಹಾಕಿದ ಶಾಲೆಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು ಬಂದೆ. ಕೇಳಿದರೆ ಉತ್ತರ ಬರುತ್ತದಲ್ಲ, ಆ ಉತ್ತರಕ್ಕೆ ನಾನು ಅಂಜುತ್ತಿದ್ದೆ. ಅವಳು ಮತ್ತೆಂದೂ ಆ ಮಾತು ಎತ್ತಲಿಲ್ಲ.

ಮಗಳಿಗೆ ಐದು ವರ್ಷವಾದಾಗ ಪಾಟಿ ಕೊಟ್ಟೆ. ಬಳಪವನ್ನು ಎಡಗೈಯಲ್ಲಿ ಹಿಡಿದಳು. ಅವತ್ತು ನನಗೆ ಊಟ ಸೇರಲಿಲ್ಲ. ನಮ್ಮ ಕಡೆ ಯಾರೂ ಎಡಚರಿಲ್ಲ. ಮರುದಿನದಿಂದ ಕರಿಹಲಗೆಯ ಮೇಲೆ ನಾನೂ ಎಡಗೈಯಿಂದ ಬರೆಯತೊಡಗಿದೆ. ಅಕ್ಷರಗಳು ಕುಡಿದವರ ಹಾಗೆ ವಾಲಿದವು, ಮಕ್ಕಳು ನಕ್ಕರು.

"ಯಾಕ್ರಿ ಮಾಸ್ತರ, ಎಡಗೈಲೆ ಬರಿಯಾಕತ್ತೀರಿ?" ಎಂದು ಹೆಡ್ ಮಾಸ್ತರರು ಕೇಳಿದರು.

"ಸಣ್ಣಾಂವ ಇದ್ದಾಗ ಎಡಚ ಇದ್ದೆರಿ. ಅಪ್ಪ ಹೊಡದು ಬಿಡಿಸಿದ್ದ" ಎಂದು ಸುಳ್ಳು ಹೇಳಿದೆ. ಎರಡು ವರ್ಷದಲ್ಲಿ ಕೈ ಕುದುರಿತು. 'ಎಡಗೈ ಮಾಸ್ತರನ ಮಗಳು, ಅಪ್ಪನಂಗ' ಎಂದು ಊರವರು ಅಂದ ದಿನ ಪೇಢಾ ತಂದು ಹಂಚಿದೆ. ಕಾರಣ ಕೇಳಿದವರಿಗೆ ಏನು ಹೇಳಿದೆನೋ ನೆನಪಿಲ್ಲ.

ಇವತ್ತು ಬೀಗರ ಮಗಳು ತೊಟ್ಟಿಲಿಗೆ ಬಗ್ಗಿ 'ಕುರ್ರ್' ಅಂದಳು. ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಕ್ಕರು. ನಾನು ಅಕ್ಕನ ಪಕ್ಕದಲ್ಲಿ ಐದನೆಯ ಚಹಾ ಹಿಡಿದು ನಿಂತಿದ್ದೆ. ಮಗಳು ಬಂದು ನನ್ನನ್ನು ಹಿತ್ತಲಿಗೆ ಕರೆದೊಯ್ದಳು.

"ನಿಮ್ಮಕ್ಕಗ ಎಷ್ಟ ಚಾ ಕುಡಸ್ತಿ ಅಪ್ಪಾ? ಬಿಡು. ನೀ ಎಡಚ ಅಲ್ಲ ಅಂತ ನನಗ ಗೊತ್ತದ."

ಅಕ್ಕನಿಗೆಂದು ಹಿಡಿದಿದ್ದ ಚಹಾವನ್ನು ನಾನೇ ಕುಡಿದುಬಿಟ್ಟೆ.

"ಕಾಲುವಿಗಿ ನೀರು ಬಂದ ವರ್ಷ ಸಗಣಿ ಕುಳ್ಳಿನ ಒಟ್ಟಲಾಗ ಹಾವು ಬಂದಿತ್ತಲ್ಲ. ನನ್ನ ಹಿಂದಕ ಜಗ್ಗಿ, ಬಡಿಗಿ ಬಲಗೈಲೆ ಎತ್ತಿದ್ದಿ. ಮಂದಿ ಮಾತೂ ಕಿವಿಗಿ ಬೀಳ್ತಿತ್ತು. ಅವತ್ತ ಎಲ್ಲಾ ತಿಳೀತು."

"ಮತ್ತ ಒಮ್ಮಿನೂ ಕೇಳಲಿಲ್ಲಲ್ಲವ್ವಾ?"

"ಅಂಜಿಕಿ ಆಗ್ತಿತ್ತು. ಕೇಳಿದ್ರ ನೀ ಹೇಳಿಬಿಡ್ತಿದ್ದಿ."

ನಾನು ಅವಳ ಮುಖ ನೋಡಿದೆ. ಮೂಗು, ಹಣೆ, ಗಲ್ಲ ಎಂದು ಇಷ್ಟು ವರ್ಷ ಹುಡುಕಿದ ನನ್ನ ಹೋಲಿಕೆ ಆ ಮಾತಿನಲ್ಲಿತ್ತು. ಅಳು ಬಂತು.

"ಅವತ್ತ ನಿನಗ ಯಾರೂ ಗುದ್ದಲಿಲ್ಲಂತ. ನಿಮ್ಮಕ್ಕ ಹೇಳ್ಯಾಳ. ಬಗ್ಗು" ಅಂದಳು. ಬಗ್ಗಿದೆ. ಎಡಗೈ ಮುಷ್ಟಿ ಕಟ್ಟಿ ಬೆನ್ನಿಗೆ ಒಂದು ಗುದ್ದಿದಳು. ಚೆನ್ನಾಗಿಯೇ ನೋವಾಯಿತು.

ಬೀಗರು ಹೋದ ಮೇಲೆ ಇದನ್ನು ಬರೆಯಲು ಕೂತೆ. ಇನ್ನು ಯಾರಿಗೆ ಅಂಜಬೇಕು ಎಂದು ಬಲಗೈಯಲ್ಲಿ ಪೆನ್ನು ಹಿಡಿದೆ. ಒಂದು ಸಾಲೂ ನೆಟ್ಟಗೆ ಬರಲಿಲ್ಲ. ಪೆನ್ನನ್ನು ಮತ್ತೆ ಎಡಗೈಗೆ ಕೊಟ್ಟೆ.