ಅಡ್ಡರಸ್ತೆಗೆ ಹನ್ನೆರಡು ಸೆಕೆಂಡು

ಬಳಿಚಕ್ರದ ಕಾಂತೇಶ ಐಟಿಐ ಓದಿದವನು. ಶಹಾಪುರದ ಹೊರಗೆ, ಹೆದ್ದಾರಿಗೆ ಅಡ್ಡರಸ್ತೆ ಕೂಡುವಲ್ಲಿ ಹೊಸ ಸಿಗ್ನಲ್ ಬಂದಾಗ ಅದನ್ನು ನೋಡಿಕೊಳ್ಳುವ ಕೆಲಸ ಅವನಿಗೆ ಸಿಕ್ಕಿತು. ಕಂಬದ ಮೇಲಿನ ಕ್ಯಾಮೆರಾ ನಿಂತ ಗಾಡಿಗಳನ್ನು ಎಣಿಸಿ, ಸಾಲು ಉದ್ದವಿದ್ದ ಕಡೆಗೆ ತಾನಾಗಿಯೇ ಹೆಚ್ಚು ಹೊತ್ತು ಹಸಿರು ದೀಪ ಕೊಡುತ್ತಿತ್ತು.

ಆದರೆ ಕ್ಯಾಮೆರಾಕ್ಕೆ ಕುರಿ ಲೆಕ್ಕಕ್ಕಿಲ್ಲ. ದಿನಾ ಬೆಳಿಗ್ಗೆ ಅರವತ್ತು ಕುರಿ ಹೊಡೆದುಕೊಂಡು ಅಡ್ಡರಸ್ತೆಯಿಂದ ಹೆದ್ದಾರಿ ದಾಟುವ ರೇಣಮ್ಮನನ್ನು ಕಾಂತೇಶ ಕಂಡಿದ್ದ. ಅದಕ್ಕೇ ಆ ಕಡೆಯ ಹಸಿರು ಮೂವತ್ತು ಸೆಕೆಂಡಿಗಿಂತ ಕೆಳಗೆ ಇಳಿಯದಂತೆ ಇಟ್ಟಿದ್ದ.

ಒಂದು ದಿನ ಸೂಪರ್‌ವೈಸರ್ ನಿಂಗರಾಜ ಫೋನ್ ಮಾಡಿದ. "ಹೈವೇದಾಗ ಲಾರಿ ಸಾಲು ಹಚ್ಚ್ಯಾವು. ಅಡ್ಡರಸ್ತೆದು ಹನ್ನೆರಡಕ್ಕ ಇಳಸು."

"ಅಲ್ಲಿ ಕುರಿ ದಾಟ್ತಾವ್ರಿ ಸರ್."

"ಕುರಿ ಸಲುವಾಗಿ ಹೈವೇ ಮಾಡ್ಯಾರೇನು? ಇಳಸು ಅಂದ್ರ ಇಳಸು."

ಕಾಂತೇಶ ಇಳಿಸಿದ. ರೇಣಮ್ಮನಿಗೆ ನಾಳೆ ಹೇಳಿದರಾಯಿತು ಎಂದುಕೊಂಡ. ಹೇಳಲಿಲ್ಲ.

ಮೂರನೆಯ ದಿನ ಹಿಂಡು ಅರ್ಧ ದಾಟುವಷ್ಟರಲ್ಲಿ ದೀಪ ಕೆಂಪಾಯಿತು. ಹಿಂದುಳಿದ ಮರಿಯನ್ನು ಎಳೆಯಲು ರೇಣಮ್ಮ ತಿರುಗಿದಳು. ಲಾರಿಯವನು ಬ್ರೇಕ್ ಹಾಕಿದರೂ ನಾಲ್ಕು ಕುರಿ ಸತ್ತವು, ಅವಳ ಎಡಗಾಲು ಮುರಿಯಿತು. ಕೆಂಪು ದೀಪವಿದ್ದಾಗ ನುಗ್ಗಿದಳು ಎಂದೇ ಪೊಲೀಸರು ಬರೆದುಕೊಂಡರು. ಕಾಂತೇಶ ಪಕ್ಕದಲ್ಲೇ ನಿಂತಿದ್ದ. ಬಾಯಿ ಬಿಡಲಿಲ್ಲ. ಸಂಜೆ ಸದ್ದಿಲ್ಲದೆ ಮತ್ತೆ ಮೂವತ್ತಕ್ಕೆ ಏರಿಸಿದ. ಹಾಗೆ ಕಳ್ಳನಂತೆ ಸರಿಮಾಡಿದ್ದೇ ಅವನನ್ನು ಹೆಚ್ಚು ಚುಚ್ಚಿತು.

ಆರನೆಯ ದಿನ ಯಾದಗಿರಿಯ ಆಸ್ಪತ್ರೆಗೆ ಹೋದ. ರೇಣಮ್ಮ ಅವನನ್ನು ಗುರುತಿಸಿದಳು.

"ಹಸರ ದೀಪ ನೋಡೇ ಹೆಜ್ಜಿ ಇಟ್ಟೀನಿ ತಮ್ಮಾ. ನನ್ನ ಮಗಳು ಶಿವಲೀಲಾ ಸೈತ ನಂಬವಲ್ಲಳು."

"ಖರೇ ಐತಿ ಯವ್ವಾ. ಹಸರ ಇತ್ತು. ಅದರ ಟೈಮ್ ಕಡಿಮಿ ಮಾಡಿದಾಂವ ನಾನೇ."

"ನನಗ್ಯಾಕ ಹೇಳ್ತಿ? ಬರಕೊಂಡವರ ಮುಂದ ಹೇಳು ಹೋಗು."

ಕಾಂತೇಶ ಠಾಣೆಗೆ ಹೋಗಿ ಹೇಳಿದ, ಹೇಳಿಕೆಗೆ ಸಹಿಯನ್ನೂ ಮಾಡಿದ. ನಿಂಗರಾಜ ತಾನು ಫೋನೇ ಮಾಡಿಲ್ಲವೆಂದ. ರೇಣಮ್ಮನ ಮೇಲೆ ಹೊರಿಸಿದ್ದ ತಪ್ಪು ಹೋಯಿತು, ಕಾಂತೇಶನ ಕೆಲಸವೂ ಹೋಯಿತು.

ಈಗ ಅವನು ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಶಿಯನ್. ರೇಣಮ್ಮ ಕೋಲೂರಿ ನಡೆಯುತ್ತಾಳೆ. ಕುರಿ ಹಿಂದೆ ಶಿವಲೀಲಾ ಹೋಗುತ್ತಾಳೆ. ಹೋದ ತಿಂಗಳು ಕಾಂತೇಶ ಅವರ ಮನೆಗೆ ಹೋಗಿದ್ದ. ರೇಣಮ್ಮ ಕೂರಲು ಹೇಳಿ ನೀರು ಕೊಟ್ಟಳು, ಊರಿನ ಮಳೆಯ ಬಗ್ಗೆ ಕೇಳಿದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ; ಕೇಳಲು ಅವನಿಗೂ ಬಾಯಿ ಬರಲಿಲ್ಲ.