ಆರತಿ ತಟ್ಟೆ ಹಿಡಿದವಳ ಹಾಲ್ ಟಿಕೆಟ್

ಕಳೆದ ಭಾನುವಾರ ಹೆಣ್ಣುಮಕ್ಕಳ ಶಿಕ್ಷಣಕ್ಕೆ ನಾವು ಮಾಡಿದ ಸೇವೆಯಿಂದ ಒಬ್ಬ ಹುಡುಗಿಯ ಓದು ಅಲ್ಲಿಗೇ ನಿಂತುಹೋಗುವುದರಲ್ಲಿತ್ತು. 'ನಾವು' ಅಂದೆ, ಗಮನಿಸಿ. ಸಂಘಟಕರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ನಾಂಪಲ್ಲಿಯ ಒಂದು ಬಾಡಿಗೆ ಹಾಲಿನಲ್ಲಿ ನಮ್ಮ ಹೊರನಾಡ ಕನ್ನಡ ಬಳಗದ ಕಾರ್ಯಕ್ರಮ. ಕಾಶೀಬಾಯಿ ಟೀಚರಿಗೆ ಸನ್ಮಾನ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಹೆಣ್ಣುಮಕ್ಕಳನ್ನು ಕೂಡಿಸಿ ಪಾಠ ಹೇಳಿದವರು ನಮ್ಮಲ್ಲಿ ಅವರೇ ಮೊದಲಿಗರು. ಶೆಡ್ಡಿಂದ ಶೆಡ್ಡಿಗೆ ಅಲೆದರು. "ಓದಿ ಏನ್ ಮಾಡ್ತಾಳ್ರಿ? ಸಣ್ಣ ಕೂಸು ನೋಡ್ಕೊಳ್ಳೋರು ಯಾರು?" ಎಂದ ಅಪ್ಪಂದಿರಿಗೆ, "ಕೂಸಿನ್ನೂ ಕಳಸ್ರಿ, ನಾನ ಎತ್ಕೋತೀನಿ" ಎಂದರು. ಹಾಗೆ ಎತ್ತಿಕೊಂಡೇ ಪಾಠ ಮಾಡಿದರು.

ಇಂಥವರಿಗೆ ಸನ್ಮಾನ ಬೇಡವೇ? ಬೇಕು. ಅತಿಥಿಗಳಿಗೆ ಆರತಿ? ಅದಂತೂ ಬೇಕೇ ಬೇಕು! ತಟ್ಟೆ ಹಿಡಿಯಲು ಟೀಚರ್ ಕಲಿಸುವ ನಾಲ್ವರು ಹುಡುಗಿಯರು, ಸೀರೆ ಉಟ್ಟು. (ಐಡಿಯಾ ನನ್ನದೇ. ಈಗ ನಾಚಿಕೆಯಾಗುತ್ತಿದೆ.)

ಅವರಲ್ಲೊಬ್ಬಳು ಮಲ್ಲಮ್ಮ, ಏಳನೇ ಕ್ಲಾಸು. ಅವತ್ತೇ ಹನ್ನೊಂದಕ್ಕೆ ನಾರಾಯಣಗೂಡದಲ್ಲಿ ಅವಳಿಗೆ ಹಾಸ್ಟೆಲ್ ಶಾಲೆಯ ಎಂಟ್ರೆನ್ಸ್. ಸೀಟು ಸಿಕ್ಕರೆ ಎಂಟನೇ ಕ್ಲಾಸು. ಸಿಗದಿದ್ದರೆ ಅವ್ವನ ಜೊತೆ ಸಿಮೆಂಟ್ ಬುಟ್ಟಿ. ಅಪ್ಪ ಒಪ್ಪಿದ್ದೇ ಅಷ್ಟಕ್ಕೆ. ಒಂದು ನಿಮಿಷ ತಡವಾದರೂ ಗೇಟಿನೊಳಗೆ ಬಿಡುವುದಿಲ್ಲ ಎಂದು ಹಾಲ್ ಟಿಕೆಟ್ ಮೇಲೆಯೇ ಬರೆದಿತ್ತು.

ಒಂಬತ್ತೂವರೆಗೆ ಬಿಟ್ಟುಬಿಡುತ್ತೇವೆ ಎಂದು ಬಳಗದ ಅಧ್ಯಕ್ಷರು ಮಾತು ಕೊಟ್ಟಿದ್ದರು. ಹತ್ತೂಕಾಲಾದರೂ ಮುಖ್ಯ ಅತಿಥಿಯ ಪತ್ತೆಯಿಲ್ಲ. ಹುಡುಗಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಾಳೆ, ಕಣ್ಣು ಗೋಡೆ ಗಡಿಯಾರದ ಮೇಲೆ. ನಾನೇನು ಮಾಡುತ್ತಿದ್ದೆ? ಮೈಕ್ ಟೆಸ್ಟ್!

ವೇದಿಕೆಯಲ್ಲಿ ಕೂತಿದ್ದ ಟೀಚರ್ ಎದ್ದು ಕೆಳಗಿಳಿದು ಬಂದರು. ಅಧ್ಯಕ್ಷರು ಅಡ್ಡ ಬಂದರು.

"ಇನ್ನೈದ ನಿಮಿಷರೀ ಟೀಚರ್, ಬೇಗಂಪೇಟಿ ದಾಟ್ಯಾರಂತ. ನಾಲ್ಕರಾಗ ಒಬ್ಬಾಕಿ ಕಮ್ಮಿ ಆದ್ರ ಚಂದ ಕಾಣಂಗಿಲ್ಲ."

"ಹಂಗಾದ್ರ ನೀವ ಹಿಡ್ಕೊಂಡು ನಿಂದರ್ರಿ" ಎಂದು ಟೀಚರ್ ಮಲ್ಲಮ್ಮನ ತಟ್ಟೆಯನ್ನು ಅವರ ಕೈಗೇ ಕೊಟ್ಟರು.

ಟೀಚರ್ ಮಲ್ಲಮ್ಮನನ್ನು ಕರೆದುಕೊಂಡು ಹತ್ತಿದ ಆಟೋವನ್ನು ನಾನೂ ಹತ್ತಿದೆ. ಟ್ರಾಫಿಕ್ ಜಾಮ್. ಕೊನೆಯ ತಿರುವಿನಲ್ಲಿ ಇಳಿದು ಮೂವರೂ ಓಡಿದೆವು. ಅರವತ್ತೆಂಟರ ಟೀಚರ್ ನನಗಿಂತ ಮುಂದಿದ್ದರು. ಸೀರೆಯ ನೆರಿಗೆ ಎತ್ತಿ ಹಿಡಿದು ಮಲ್ಲಮ್ಮ ಒಳಗೆ ನುಗ್ಗಿದಾಗ ಗೇಟು ಮುಚ್ಚಲು ಮೂರು ನಿಮಿಷವಿತ್ತು.

ಟೀಚರ್ ಫುಟ್‌ಪಾತ್ ಮೇಲೆ ಕೂತುಬಿಟ್ಟರು. ತಪ್ಪಾಯ್ತು ಎಂದೆ. ಅವರು ಬೈಯಲಿಲ್ಲ.

"ಬ್ಯಾಡ ಅನ್ನೋರ ಜೋಡಿ ಜಗಳಾಡೂದು ನನಗ ರೂಢಿ ಐತವ್ವಾ. ಚಪ್ಪಾಳಿ ತಟ್ಟೋರ ಜೋಡಿ ಹೆಂಗ ಜಗಳಾಡ್ಲಿ?"



ಸಂಜೆ ಅಧ್ಯಕ್ಷರ ಫೋನ್. ಪರೀಕ್ಷೆ ಹೇಗಾಯಿತೆಂದು ಕೇಳಲಿಕ್ಕೆ ಅಂದುಕೊಂಡಿರಾ? ಅಲ್ಲ. ಶಾಲು, ಹಾರ ಹಾಗೇ ಉಳಿದಿವೆಯಂತೆ, ಪೇಪರಿಗೆ ಫೋಟೋ ಬೇಕಂತೆ. "ನಾಳೆ ಹತ್ತಕ್ಕ ಟೀಚರ್ ಬಂದು ಹಾಕಿಸ್ಕೊಂಡು ಹೋಗ್ಲಿ. ಆ ನಾಲ್ಕು ಹುಡುಗ್ಯಾರ್ನೂ ಕರ್ಕೊಂಡು ಬರ್ಲಿ, ಫೋಟೋ ಭಾಳ ಚಂದ ಬರ್ತೈತಿ."

ಸೋಮವಾರ ಬೆಳಗ್ಗೆ ಹತ್ತಕ್ಕೆ ಹೆಣ್ಣುಮಕ್ಕಳು ಎಲ್ಲಿರಬೇಕು ಎಂಬುದನ್ನು, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಶಾಲು ಹೊದಿಸುವ ನಮಗೆ ಯಾರು ಹೇಳಿಕೊಡಬೇಕು?