ಹಗಲು ಬೇರೆ, ಬಿಸಿಲು ಬೇರೆ

ಮಗಳು ಊಟದ ಮೇಜಿನ ಮೇಲೆ ಹರಡಿಟ್ಟಿದ್ದ ಸೋಲಾರ್ ಕಂಪನಿಯ ಹಾಳೆಗಳಿಂದ ಹೊಸ ಅಚ್ಚಿನ ವಾಸನೆ ಬರುತ್ತಿತ್ತು. ಅವಳೂ ಅಳಿಯನೂ ಹಳೆಯ ವ್ಯಾನೊಂದನ್ನು ಕೊಂಡು, ಅದರೊಳಗೇ ಮಂಚ, ಒಲೆ, ಪುಟ್ಟ ಫ್ರಿಜ್ಜು ಕೂರಿಸಿ ಊರೂರು ಸುತ್ತುವ ಹುಚ್ಚಿಗೆ ಬಿದ್ದಿದ್ದಾರೆ. ವ್ಯಾನಿನ ತಲೆಯ ಮೇಲೆ ಎಷ್ಟು ದೊಡ್ಡ ಪ್ಯಾನೆಲ್ ಹಾಕಿಸಬೇಕೆಂದು ಲೆಕ್ಕ ಮಾಡುತ್ತಿದ್ದಳು. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ, ಕನ್ನಡಕ ಏರಿಸಿ ಒಂದು ಹಾಳೆ ಎತ್ತಿಕೊಂಡೆ. ದಿನಕ್ಕೆ ಎಷ್ಟು ಗಂಟೆ ಸೂರ್ಯ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಕಣ್ಣಿಗೆ ಬಿತ್ತು. ಅದೇ ಸಾಲು... ಮೂವತ್ತು ವರ್ಷಗಳ ಮೇಲಾಯಿತು ಅದನ್ನು ಓದಿ.

ಆಗ ನಾವು ಊರು ಬಿಟ್ಟು ದೂರದ ಬಂದರು ನಗರದ ವಡಾಲದಲ್ಲಿದ್ದೆವು. ಅಪ್ಪ ಮೈಸೂರಿನವರು, ಬಂದರಿನ ಆಫೀಸಿನಲ್ಲಿ ಗುಮಾಸ್ತರು. ನಮ್ಮ ಬಿಲ್ಡಿಂಗಿನ ಕೆಳಗಿನ ಅಂತಸ್ತಿನ ಒಂದೇ ಕೋಣೆಯ ಖೋಲಿಯಲ್ಲಿ ಉಡುಪಿ ಕಡೆಯ ದಂಪತಿ ಇದ್ದರು. ನನಗೆ ಅವರು ಕೆಳಗಿನ ಮಾಮ, ಕೆಳಗಿನ ಮಾಮಿ. ಮಾಮ ತಾಂಡೇಲರಾಗಿದ್ದರು, ಅಂದರೆ ಮೀನಿನ ಬೋಟು ನಡೆಸುವವರು. ಇಪ್ಪತ್ತು ವರ್ಷ ಬೇರೆಯವರ ಬೋಟು ನಡೆಸಿ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾಮಿಯ ತಮ್ಮನ ಜೊತೆ ಸೇರಿ ಒಂದು ಹಳೆಯ ಸಣ್ಣ ಬೋಟು ಕೊಂಡಿದ್ದರು. ಅದರ ಇಂಜಿನ್ನು ಕೈಯಿಂದ ತಿರುಗಿಸಿ ಹೊರಡಿಸುವಂಥದ್ದು, ಬ್ಯಾಟರಿ ತುಂಬಿಸುವ ಯೋಗ್ಯತೆ ಅದಕ್ಕಿರಲಿಲ್ಲ. ಬಲೆ ಬಿಟ್ಟು ರಾತ್ರಿಯೆಲ್ಲ ಸಮುದ್ರದಲ್ಲಿ ನಿಲ್ಲುವಾಗ ಕಂಬಕ್ಕೆ ಒಂದು ಲಾಟೀನು ಕಟ್ಟುತ್ತಿದ್ದರು. ಗಾಳಿ ಜೋರಾದರೆ ಅದು ಆರುತ್ತಿತ್ತು.

ಮಾಮನಿಗಿದ್ದ ಭಯ ಅದೊಂದೇ. ಬಂದರಿಗೆ ಬರುವ ಹಡಗುಗಳಿಗೆ ದೀಪವಿಲ್ಲದ ಸಣ್ಣ ಬೋಟು ಕಾಣಿಸುವುದೇ ಇಲ್ಲ ಎನ್ನುತ್ತಿದ್ದರು. ಗಾಳಿಗೆ ಆರದ ಕರೆಂಟಿನ ದೀಪ ಬೇಕಿತ್ತು ಅವರಿಗೆ. ಸೂರ್ಯನಿಂದ ಬ್ಯಾಟರಿ ತುಂಬಿಸುವ ಹಲಗೆ ಬಂದಿದೆಯೆಂದು ಬೋಟುಗಳು ನಿಲ್ಲುವ ಧಕ್ಕೆಯಲ್ಲಿ ಯಾರೋ ಹೇಳಿದರಂತೆ. ಲೋಹಾರ್ ಚಾಳಿನ ಕರೆಂಟು ಸಾಮಾನಿನ ಅಂಗಡಿಯೊಂದರಿಂದ ಕಂಪನಿಯ ಹಾಳೆ ತಂದು ನನ್ನ ಮುಂದಿಟ್ಟರು.

"ಪೂರಾ ಇಂಗ್ಲಿಷಲ್ಲಿ ಉಂಟು ಮಾರಾಯ್ತಿ. ನಂಗೆ ಕನ್ನಡದಲ್ಲಿ ಬರೆದು ಕೊಡು. ಯಾವುದು ತಗೊಳ್ಳುದು ಅಂತ ನಾನೇ ಲೆಕ್ಕ ಮಾಡ್ತೇನೆ."

ಕಾಲೇಜಿಗೆ ಸೇರಿದ ಹೊಸತು, ವಿಜ್ಞಾನ ಬೇರೆ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕನ್ನಡವೋ, ಅಡುಗೆಮನೆಯಲ್ಲಿ ಅಮ್ಮನಿಂದ ಕಲಿತಷ್ಟು. ಅಕ್ಷರವನ್ನು ಅಪ್ಪ ಬೈದು ಬೈದು ಕಲಿಸಿದ್ದರು. ಆದರೂ ಒಂದು ಸಂಜೆ ಕೂತು ಇಡೀ ಹಾಳೆಯನ್ನು ಕನ್ನಡಕ್ಕೆ ಇಳಿಸಿದೆ. ಪ್ಯಾನೆಲ್ಲಿನ ಶಕ್ತಿಯನ್ನು ಸೂರ್ಯನ ಗಂಟೆಗಳಿಂದ ಗುಣಿಸಬೇಕು ಎಂದು ಅದರಲ್ಲಿತ್ತು. ಸೂರ್ಯನ ಗಂಟೆ ಎಂದರೆ ಏನೆಂದು ಬರೆಯುವುದು? ಒಂದು ಕ್ಷಣವೂ ಯೋಚಿಸದೆ 'ಹಗಲಿನ ಗಂಟೆ' ಎಂದು ಬರೆದೆ. ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ಇನ್ನೂ ಏನೋ ಇತ್ತು. ಮುಖ್ಯವಾದದ್ದಲ್ಲ ಎಂದುಕೊಂಡು ಬಿಟ್ಟೆ.

ಬೆಳಿಗ್ಗೆ ಆರರಿಂದ ಸಂಜೆ ಆರು, ಹನ್ನೆರಡು ಗಂಟೆ ಹಗಲು. ಮಾಮ ಬೆರಳು ಮಡಚಿ ಲೆಕ್ಕ ಮಾಡಿದರು. ದೀಪ ಹತ್ತು ವ್ಯಾಟಿನದು, ರಾತ್ರಿ ಹನ್ನೆರಡು ಗಂಟೆ ಉರಿಯಬೇಕು. ಹತ್ತು ವ್ಯಾಟಿನ ಹಲಗೆ ಹಾಕಿದರೆ ಸರಿಗೆ ಸರಿ. ಎಷ್ಟು ಚಂದದ ಲೆಕ್ಕ!

ಅಂಗಡಿಗೆ ಹೋದವರು ಬರಿಗೈಯಲ್ಲಿ ವಾಪಸು ಬಂದರು. "ಸೇಠ್ ದೊಡ್ಡದೇ ಬೇಕು ಹೇಳ್ತಾನೆ. ಇದಕ್ಕಿಂತ ಮೂರು ಪಾಲು ದೊಡ್ಡದು. ಎಂತ ಮಾಡುದು?"

"ಅವನಿಗೆ ವ್ಯಾಪಾರ ಆಗಬೇಕಲ್ಲ ಮಾಮ, ಅದಕ್ಕೇ ಹೇಳ್ತಾನೆ. ಕಾಗದದಲ್ಲೇ ಇದೆ ನೋಡಿ, ಸಣ್ಣದು ಸಾಕು," ಎಂದೆ. ಇವತ್ತಿಗೂ ನನ್ನ ಆ ಧ್ವನಿ ನನಗೆ ಕೇಳಿಸುತ್ತದೆ. ಎಂಥ ಗತ್ತು!

ಸಣ್ಣದೇ ಬಂತು, ಜೊತೆಗೆ ಅಂಗಡಿಯಲ್ಲೇ ತುಂಬಿಸಿ ಕೊಟ್ಟ ಒಂದು ಬ್ಯಾಟರಿ. ಮೊದಲ ಸಲ ಬೋಟು ಎರಡೇ ದಿನಕ್ಕೆ ಹೋಗಿ ಬಂತು, ಎರಡನೇ ಸಲವೂ ಹಾಗೇ. ದೀಪ ಬೆಳಗಿನವರೆಗೆ ಉರಿಯಿತೆಂದು ಮಾಮ ಬಿಲ್ಡಿಂಗಿನಲ್ಲೆಲ್ಲ ಸಾರಿದರು. ನನ್ನ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೋಟಿನಲ್ಲೇ ಇಟ್ಟಿದ್ದರಂತೆ. ಕರೆಂಟು ಹೋದಾಗ ಇರಲಿ ಎಂದು ಲಾಟೀನನ್ನು ಮಾಮಿಗೆ ಕೊಟ್ಟುಬಿಟ್ಟರು. ಮಾಮಿ ನನಗೆ ಬಂಗುಡೆ ಸಾರು ಕಳಿಸಿದರು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲವೆಂಬುದು ಸಂತೋಷದಲ್ಲಿ ಮರೆತೇಹೋಗಿತ್ತು ಅವರಿಗೆ.

ಮೂರನೇ ಸಲ ದೂರ ಹೋದರು. ನಾಲ್ಕು ರಾತ್ರಿ ನಿಲ್ಲುವ ಲೆಕ್ಕ.

ಐದನೆಯ ದಿನ ಕಾಲೇಜಿನಿಂದ ಬಂದಾಗ ಬಿಲ್ಡಿಂಗಿನ ಕೆಳಗೆ ಜನ ನಿಂತಿದ್ದರು. ನಾಲ್ಕನೆಯ ರಾತ್ರಿ ಯಾವುದೋ ಹಡಗು ಬೋಟಿನ ಮೇಲೆ ಹಾದುಹೋಗಿತ್ತು. ಒಳಗೆ ಮಲಗಿದ್ದ ಮಾಮಿಯ ತಮ್ಮ ಒಡೆದ ಬೋಟಿನ ಮರದ ತುಂಡೊಂದನ್ನು ಹಿಡಿದು ತೇಲುತ್ತಿದ್ದವನು, ಬೆಳಕು ಹರಿದ ಮೇಲೆ ಇನ್ನೊಂದು ಬೋಟಿನವರ ಕೈಗೆ ಸಿಕ್ಕಿದ್ದ. ಮಾಮ ಸಿಗಲಿಲ್ಲ. ಆಮೇಲೂ ಸಿಗಲಿಲ್ಲ...

"ನಂಗೆ ಎಚ್ಚರ ಆಗುವಾಗ ನೀರಲ್ಲಿದ್ದೆ. ದೀಪ ಉರೀತಾ ಇರ್ಲಿಲ್ಲ," ಎಂದ ಅವನು. "ಕಾಯುವ ಪಾಳಿ ಭಾವಂದು. ನಿದ್ದೆ ಮಾಡಿದ್ರು ಕಾಣ್ತದೆ."

ಪಾಪ, ಅವನು ಸುಳ್ಳು ಹೇಳಲಿಲ್ಲ, ತೋಚಿದ್ದನ್ನು ಹೇಳಿದ. ಆದರೆ ಆ ಮಾತು ಧಕ್ಕೆಯವರೆಗೆ ಹರಡಿತು. ತಾಂಡೇಲ ನಿದ್ದೆಗೆ ಬಿದ್ದು ಸ್ವಂತ ಬೋಟನ್ನೇ ಮುಳುಗಿಸಿದ ಎಂದರು. ಕುಡಿದಿದ್ದನೆಂದೂ ಸೇರಿಸಿದರು. ಮಾಮ ಚಹಾ ಬಿಟ್ಟು ಬೇರೇನೂ ಕುಡಿದವರಲ್ಲ.

ನಾನು ಕಂಪನಿಯ ಹಾಳೆಯನ್ನು ಹೊರತೆಗೆದು ಕೆಳಗಿನ ಆ ಸಣ್ಣ ಅಕ್ಷರಗಳನ್ನು ಓದಿದೆ. ಸೂರ್ಯನ ಗಂಟೆ ಎಂದರೆ ಹಗಲಿನ ಉದ್ದವಲ್ಲ, ಹಲಗೆಯ ಮೇಲೆ ಪೂರ್ತಿ ಬಿಸಿಲು ಬಿದ್ದದ್ದಕ್ಕೆ ಸಮನಾದ ಹೊತ್ತು. ನಮ್ಮಂಥ ಊರುಗಳಲ್ಲಿ ಐದೇ ಗಂಟೆ ಹಿಡಿಯಿರಿ, ಎಂದಿತ್ತು. ಬಿಸಿಲು ಎಂದು ಬರೆದಿದ್ದರೆ ಸಾಕಿತ್ತು. ಹುಟ್ಟಿದಾಗಿನಿಂದ ಸಮುದ್ರದಲ್ಲೇ ಬೆಂದ ಮನುಷ್ಯ, ಬಿಸಿಲು ಎಷ್ಟು ಹೊತ್ತು ಎಂದು ನನಗಿಂತ ಚೆನ್ನಾಗಿ ಎಣಿಸುತ್ತಿದ್ದರು. ಹಾಳೆಯನ್ನು ಚೂರು ಚೂರು ಮಾಡಿ ಎಸೆದೆ. ಅಪ್ಪನಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ.

ಮಾಮಿ ಖೋಲಿ ಖಾಲಿ ಮಾಡುವ ದಿನ ನನ್ನನ್ನು ಕರೆದರು. ಗಂಟುಮೂಟೆಗಳ ನಡುವೆ ಕೂತಿದ್ದರು.

"ಇವರು ನಿದ್ದೆ ಮಾಡುವವರಲ್ಲ ಮಗಾ. ನನ್ನ ತಮ್ಮನೇ ಹಾಗೆ ಹೇಳಿದ ಮೇಲೆ ನಾನು ಯಾರ ಹತ್ರ ಹೇಳುದು? ನೀನು ಓದಿದವಳು. ಆ ದೀಪ ತನ್ನಷ್ಟಕ್ಕೇ ಆರ್ತದಾ?"

ಹೌದು ಎಂಬ ಒಂದು ಮಾತು ಸಾಕಿತ್ತು. ಅದನ್ನು ಹಿಡಿದುಕೊಂಡು ಅವರು ಊರಿನಲ್ಲಿ ತಲೆ ಎತ್ತಿ ಓಡಾಡಬಹುದಿತ್ತು.

"ಗೊತ್ತಿಲ್ಲ ಮಾಮಿ," ಎಂದೆ.

ಅವರು ನನ್ನ ತಲೆ ಸವರಿ, ಚೆನ್ನಾಗಿ ಓದು ಎಂದರು. ಊರಿಗೆ ಹೋದ ಮೇಲೂ ತಾಂಡೇಲನ ನಿದ್ದೆಯ ಕಥೆ ಅವರ ಬೆನ್ನು ಬಿಡಲಿಲ್ಲವೆಂದು ಯಾರಿಂದಲೋ ಕೇಳಿದೆ. ಕಾಗದ ಬರೆಯಬೇಕು, ಹೋಗಿ ಬರಬೇಕು ಎಂದುಕೊಳ್ಳುತ್ತಲೇ ಮದುವೆ, ಮಗು, ನೌಕರಿ... ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಅಳುವಿಗಿಂತ ಮೊದಲು ಸಮಾಧಾನ ಆಯಿತು. ಆ ಸಮಾಧಾನಕ್ಕೆ ನಾನು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಮೊನ್ನೆ ಮೇಜಿನ ಮುಂದೆ ಕೂತು ಮಗಳಿಗೆ ಎಲ್ಲವನ್ನೂ ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಬ್ಯಾಟರಿ ಎಷ್ಟು ದೊಡ್ಡದಿತ್ತೆಂದು ಕೇಳಿ, ಹಾಳೆಯ ಅಂಚಿನಲ್ಲೇ ಗುಣಿಸಿ ಕಳೆದಳು.

"ಅಮ್ಮಾ, ದಿನಾ ಖರ್ಚಾದದ್ದರಲ್ಲಿ ಅರ್ಧನೂ ವಾಪಸ್ ತುಂಬ್ತಿರ್ಲಿಲ್ಲ. ಹೊರಡುವಾಗ ಫುಲ್ ಬ್ಯಾಟರಿ ಇದ್ರೂ ಮೂರು ರಾತ್ರಿ ಅಷ್ಟೇ. ನಾಲ್ಕನೇ ರಾತ್ರಿ ಲೈಟ್ ಹೋಗ್ಲೇಬೇಕಿತ್ತು. ಅಂಕಲ್ ಮಲಗಿದ್ರೂ ಎದ್ದಿದ್ರೂ ಏನೂ ಫರಕ್ ಇರ್ತಿರ್ಲಿಲ್ಲ," ಎಂದಳು. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ್ದು.

ಫರಕ್ ಇದೆ. ಮಾಮ ಎದ್ದೇ ಇದ್ದರು, ಅದು ನನಗೆ ಗೊತ್ತು. ಹಾಗಾದರೆ ಹಡಗು ಬರುವುದು ಯಾಕೆ ಕಾಣಲಿಲ್ಲ, ಮಲಗಿದ್ದ ಮಾಮಿಯ ತಮ್ಮನನ್ನು ಯಾಕೆ ಕೂಗಲಿಲ್ಲ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೆ. ಮಗಳ ಲೆಕ್ಕ ನೋಡುತ್ತಿದ್ದಂತೆ ಅದೂ ತಿಳಿಯಿತು. ನನ್ನ ಕಾಗದದ ಪ್ರಕಾರ ಬ್ಯಾಟರಿ ಖಾಲಿಯಾಗುವಂತೆಯೇ ಇರಲಿಲ್ಲವಲ್ಲ. ಮಾಮ ಸಮುದ್ರಕ್ಕೆ ಬೆನ್ನು ಹಾಕಿ, ಕತ್ತಲಲ್ಲಿ ಒಂದೊಂದೇ ತಂತಿಯನ್ನು ಮುಟ್ಟಿ ನೋಡುತ್ತಾ, ಎಲ್ಲಿ ಸಡಿಲವಾಗಿದೆ ಎಂದು ಹುಡುಕುತ್ತಿದ್ದರು.